ಗಡಿಯಲ್ಲಿ ಎರಡು ಗಡಿಯಾರ

ಹಿರೀಸಾವೆಯಲ್ಲಿ ಹೆದ್ದಾರಿ ಬದಿ ನಿಂತು ಬೆಂಗಳೂರಿನ ಕಡೆ ಮುಖ ಮಾಡಿ. ಒಂದಿಷ್ಟು ದೂರ ಹೋದರೆ ಹಾಸನ ಜಿಲ್ಲೆ ಮುಗಿಯಿತು, ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕು ಬಂತು. ಎಡಕ್ಕೆ ಹೊರಳಿದರೆ ತುಮಕೂರು ಜಿಲ್ಲೆಯೂ ದೂರವಿಲ್ಲ. ಈಚೆಗೂ ತೆಂಗು, ಆಚೆಗೂ ತೆಂಗು. ಈಚೆಗೂ ರಾಗಿ, ಆಚೆಗೂ ರಾಗಿ. ಹೆಣ್ಣು ಕೊಟ್ಟು ತಂದ ನಂಟು, ಸಂತೆಯ ವ್ಯಾಪಾರ, ಮನೆದೇವರ ಒಕ್ಕಲು ಎಲ್ಲವೂ ಗಡಿಯ ಎರಡೂ ಬದಿಗೆ ಹರಡಿಕೊಂಡಿವೆ. ರಸ್ತೆಬದಿಯ ಫಲಕ ಇಲ್ಲದಿದ್ದರೆ ಜಿಲ್ಲೆ ಬದಲಾದದ್ದು ಯಾರ ಗಮನಕ್ಕೂ ಬಾರದು.

ಆದರೆ 2021ರ ಜೂನ್ 21ರ ಸೋಮವಾರ, ಈ ಕಾಣದ ಗಡಿಯ ಎರಡು ಬದಿಗೆ ಎರಡು ಗಡಿಯಾರ ಓಡುತ್ತಿದ್ದವು! ಮಂಡ್ಯದ ಬದಿಯಲ್ಲಿ ಎಲ್ಲ ಬಗೆಯ ಅಂಗಡಿಗೂ ಸಂಜೆ 5ರವರೆಗೆ ಬಾಗಿಲು ತೆರೆಯಲು ಒಪ್ಪಿಗೆ. ಹಾಸನದ ಬದಿಯಲ್ಲಿ ದಿನಸಿ, ತರಕಾರಿಯಂಥ ಅಗತ್ಯದ ಅಂಗಡಿಗಳು ಮಧ್ಯಾಹ್ನ 2ಕ್ಕೆ ಶಟರ್ ಎಳೆಯಬೇಕು. ಒಂದೇ ಹೆದ್ದಾರಿ, ಒಂದೇ ಬಿಸಿಲು, ನಡುವೆ ಮೂರು ಗಂಟೆಯ ಅಂತರ.

ಆ ಮೂರು ಗಂಟೆಯನ್ನು ಯಾರು ಕತ್ತರಿಸಿದರು? ಯಾವ ಕತ್ತರಿಯಿಂದ? ಮೊದಮೊದಲು ಇದೊಂದು ಸರ್ಕಾರಿ ಆದೇಶ, ಅಷ್ಟೇ ಅಂದುಕೊಂಡಿದ್ದೆ. ಎಳೆ ಹಿಡಿದು ಜಗ್ಗುತ್ತಾ ಹೋದೆ ನೋಡಿ, ಒಳಗಿನಿಂದ ಬಂದದ್ದು ಬೆಂಗಳೂರಿನ ನೀರಿನ ತೊಟ್ಟಿ, ಮುಂಬಯಿಯ ಪ್ಲೇಗು, ಕಣ್ಣು ಕಳೆದುಕೊಂಡ ರಸಾಯನಶಾಸ್ತ್ರಜ್ಞ, ಕಂಪ್ಯೂಟರಿನೊಳಗೆ ಓಡಾಡುವ ಒಂದು ಕೋಟಿಗೂ ಮಿಕ್ಕಿದ ಜನ, ಕೊನೆಗೆ ಹಿರೀಸಾವೆಯ ನೆರೆಯ ಶ್ರವಣಬೆಳಗೊಳ!

ಒಂದು ಭಾಗಾಕಾರ, ಮೂರು ಜಿಲ್ಲೆ

ಕೋವಿಡ್ ಎರಡನೇ ಅಲೆಯ ದಿನಗಳನ್ನು ಯಾರು ಮರೆತಾರು? 2021ರ ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಹೊಸ ಪ್ರಕರಣ. ಮೇ 10ರಿಂದ ಬಿಗಿ ಲಾಕ್‌ಡೌನ್, ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅಗತ್ಯದ ಖರೀದಿ. ಮುಚ್ಚುವ ತೀರ್ಮಾನಕ್ಕೆ ಹೆಚ್ಚು ಗಣಿತ ಬೇಕಿರಲಿಲ್ಲ, ಆಸ್ಪತ್ರೆಯ ಬಾಗಿಲಲ್ಲಿ ನಿಂತ ಸಾಲೇ ಸಾಕಿತ್ತು. ಕಷ್ಟವಿದ್ದದ್ದು ತೆರೆಯುವುದರಲ್ಲಿ. ಎಷ್ಟು ತೆರೆಯಬೇಕು, ಎಲ್ಲಿ ಮೊದಲು, ಯಾವತ್ತು?

ಡಾ. ಎಂ.ಕೆ. ಸುದರ್ಶನ್ ನೇತೃತ್ವದ ರಾಜ್ಯ ತಾಂತ್ರಿಕ ಸಲಹಾ ಸಮಿತಿ ಅಳತೆಗೋಲು ಕೊಟ್ಟಿತು: ಪರೀಕ್ಷೆ ಮಾಡಿದ ನೂರರಲ್ಲಿ ಪಾಸಿಟಿವ್ ಬಂದವರು 5ಕ್ಕಿಂತ ಕಡಿಮೆ ಇರಬೇಕು, ರಾಜ್ಯದ ದಿನದ ಪ್ರಕರಣಗಳು 5,000ಕ್ಕಿಂತ ಕೆಳಗಿಳಿಯಬೇಕು. ಜೂನ್ 14ರಂದು ಮೊದಲ ಹಂತ. ತುಮಕೂರು ಸೇರಿ ಹಲವು ಜಿಲ್ಲೆಗಳಿಗೆ ಮಧ್ಯಾಹ್ನ 2ರವರೆಗೆ ಸಡಿಲಿಕೆ ಸಿಕ್ಕಿತು. ಪಾಸಿಟಿವಿಟಿ ಇಳಿಯದ 11 ಜಿಲ್ಲೆಗಳಿಗೆ ಬೀಗ ಹಾಗೇ ಉಳಿಯಿತು, ಅದರಲ್ಲಿ ಹಾಸನವೂ ಇತ್ತು, ಮಂಡ್ಯವೂ ಇತ್ತು. ಒಂದೇ ವಾರ! ಜೂನ್ 21ಕ್ಕೆ ಮಂಡ್ಯ ಶೇಕಡಾ 5ರ ಗೆರೆಯ ಕೆಳಗಿಳಿದ 16 ಜಿಲ್ಲೆಗಳ ಗುಂಪು ಸೇರಿಕೊಂಡಿತು. ಹಾಸನ ಶೇಕಡಾ 5ರಿಂದ 10ರ ನಡುವಿನ 13 ಜಿಲ್ಲೆಗಳಲ್ಲಿ ಉಳಿಯಿತು. 10ಕ್ಕಿಂತ ಮೇಲಿದ್ದದ್ದು ಮೈಸೂರು ಒಂದೇ.

ಸಾವಿರ ಪರೀಕ್ಷೆಗೆ 49 ಪಾಸಿಟಿವ್ ಬಂದರೆ ಸಂಜೆ 5, 51 ಬಂದರೆ ಮಧ್ಯಾಹ್ನ 2. ಹಿರೀಸಾವೆಯ ಅಂಗಡಿಯವರ ಶಟರಿಗೆ ಬೀಗ ಹಾಕಿದ್ದು ಒಂದು ಭಾಗಾಕಾರ! ಈ 5 ಎಂಬುದು ಯಾರೋ ಗಾಳಿಯಲ್ಲಿ ಹಿಡಿದ ಅಂಕಿಯಲ್ಲ. ಎರಡು ವಾರ ಪಾಸಿಟಿವಿಟಿ ಶೇಕಡಾ 5ಕ್ಕಿಂತ ಕೆಳಗಿದ್ದರೆ ರೋಗ ಹತೋಟಿಯಲ್ಲಿದೆ ಎನ್ನಲು ಅದೊಂದು ಗುರುತು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲೇ ಹೇಳಿತ್ತು. ಆದರೆ ಈ ಗುರುತು ಹಿಂದೆ ಆದದ್ದನ್ನು ತೋರಿಸುತ್ತದೆ. ಬಾಗಿಲು ತೆರೆದ ಮೇಲೆ ಮುಂದೇನಾದೀತು ಎಂದು ಕೇಳಬೇಕಾದರೆ ಬೇರೊಂದು ಅಂಕಿಯ ಮನೆಗೆ ಹೋಗಬೇಕು. ಆ ಅಂಕಿಯ ಹೆಸರು ‘ಒಂದು’.

ಒಂದರ ಆಚೆ, ಒಂದರ ಈಚೆ

ಸೋಂಕು ತಗಲಿದ ಒಬ್ಬರು ಸರಾಸರಿ ಎಷ್ಟು ಜನಕ್ಕೆ ಅಂಟಿಸುತ್ತಾರೆ? ಅದಕ್ಕೆ ಲೆಕ್ಕದವರು ‘ಆರ್’ ಅನ್ನುತ್ತಾರೆ. ಅಂಟಿಸಲು ಸುಮಾರು ಐದು ದಿನ ಬೇಕು ಎಂದಿಟ್ಟುಕೊಳ್ಳಿ. ಆಗ ತಿಂಗಳಿಗೆ ಆರು ಪೀಳಿಗೆ. ಆರ್ 1.3 ಇದ್ದರೆ ಈವತ್ತಿನ 100 ಪ್ರಕರಣ 130 ಆಗಿ, 169 ಆಗಿ, 220 ಆಗಿ ತಿಂಗಳ ಕೊನೆಗೆ 483! ಆರ್ 0.8 ಇದ್ದರೆ ಅದೇ 100 ಪ್ರಕರಣ 80, 64, 51 ಎಂದು ಕರಗಿ ತಿಂಗಳ ಕೊನೆಗೆ 26. ಹತ್ತು ಜನ ಸೇರಿ ಹದಿಮೂರು ಜನಕ್ಕೆ ಅಂಟಿಸುವುದಕ್ಕೂ ಎಂಟು ಜನಕ್ಕೆ ಅಂಟಿಸುವುದಕ್ಕೂ ಕಣ್ಣಿಗೆ ಏನಷ್ಟು ವ್ಯತ್ಯಾಸ? ತಿಂಗಳಲ್ಲಿ ಅದು ಹದಿನೆಂಟು ಪಟ್ಟು ಆಗಿಬಿಡುತ್ತದೆ. ಆರ್ ಒಂದರ ಆಚೆ ಹೋದರೆ ಏರಿಕೆ, ಈಚೆ ಉಳಿದರೆ ಇಳಿಕೆ.

ಆದ್ದರಿಂದ ಲಾಕ್‌ಡೌನ್ ಸಡಿಲಿಸುವುದೆಂದರೆ ಕೆರೆಯ ತೂಬು ಎತ್ತಿದ ಹಾಗೆ. ನಮ್ಮ ಕಡೆಯ ನೀರುಗಂಟಿಯನ್ನು ನೆನೆಸಿಕೊಳ್ಳಿ. ಅವನು ತೂಬನ್ನು ಒಂದೇ ಸಲಕ್ಕೆ ಪೂರ್ತಿ ಎತ್ತುವುದಿಲ್ಲ. ಒಂದಿಷ್ಟು ಎತ್ತಿ ಕಾಲುವೆಯಗುಂಟ ನಡೆದು ಹೋಗುತ್ತಾನೆ. ನೀರು ಕೊನೆಯ ಗದ್ದೆ ಮುಟ್ಟಿದ್ದು ಕಂಡ ಮೇಲೆ ವಾಪಸ್ ಬಂದು ಇನ್ನಷ್ಟು ಎತ್ತುತ್ತಾನೆ. ಕೋವಿಡ್ ಕೂಡ ಹಾಗೇ ನಿಧಾನಕ್ಕೆ ಕೊನೆಯ ಗದ್ದೆ ಮುಟ್ಟುವ ನೀರು. ಈವತ್ತು ಅಂಗಡಿ ತೆರೆದರೆ ಸೋಂಕು ತಗಲಿ, ಜ್ವರ ಬಂದು, ಪರೀಕ್ಷೆ ಆಗಿ, ಫಲಿತಾಂಶ ಬಂದು, ಅದು ಸಂಜೆಯ ಬುಲೆಟಿನ್‌ನಲ್ಲಿ ಕಾಣಿಸಿಕೊಳ್ಳುವಷ್ಟರಲ್ಲಿ ಎರಡು ವಾರ ಸರಿದಿರುತ್ತದೆ. ಕಾಲುವೆಯಗುಂಟ ನಡೆದು ನೋಡಿ ಬರುವಷ್ಟು ಪುರುಸೊತ್ತು ಇಲ್ಲದಾಗ ಏನು ಮಾಡುವುದು? ಕಾಲುವೆಯನ್ನೇ ಕಾಗದದ ಮೇಲೆ ಬರೆದು, ನೀರನ್ನು ಅಂಕಿಯಾಗಿ ಹರಿಸಿ ನೋಡುವುದು. ಗಣಿತ ಮಾದರಿ ಎಂದರೆ ಇದೇ.

ಬೆಂಗಳೂರಿನ ಒಂದು ತೊಟ್ಟಿ

ಈ ಕಾಗದದ ಕಾಲುವೆಯ ಮೂಲ ಹುಡುಕಿದರೆ ಎಲ್ಲಿಗೆ ಹೋಗುತ್ತೇವೆ ಹೇಳಿ? ಲಂಡನ್? ಪ್ಯಾರಿಸ್? ಅಲ್ಲ, ಬೆಂಗಳೂರು ದಂಡು ಪ್ರದೇಶಕ್ಕೆ!

1883. ರೊನಾಲ್ಡ್ ರಾಸ್ ಎಂಬ ಇಪ್ಪತ್ತಾರರ ಆಸುಪಾಸಿನ ಸೇನಾ ವೈದ್ಯ ಬೆಂಗಳೂರಿನಲ್ಲಿದ್ದ. ಅವನ ಬಂಗಲೆಯ ತುಂಬ ಸೊಳ್ಳೆ. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಬಗ್ಗಿ ನೋಡಿದರೆ ಮರಿಗಳು ಮಿಜಿಮಿಜಿ ಅನ್ನುತ್ತಿವೆ. ತೊಟ್ಟಿ ಮಗುಚಿದ, ಸೊಳ್ಳೆ ಮಾಯ! ಎಲ್ಲ ತೊಟ್ಟಿಗಳನ್ನೂ ಮಗುಚೋಣ ಎಂದು ಮೇಲಿನವರಿಗೆ ಹೇಳಿದರೆ, ಸೃಷ್ಟಿಯ ಕ್ರಮಕ್ಕೆ ಕೈ ಹಾಕಬಾರದು ಎಂಬ ಧಾಟಿಯ ಉತ್ತರ ಬಂತಂತೆ. ಅದೇ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಾಣು ಕಂಡ, 1902ರಲ್ಲಿ ನೊಬೆಲ್ ಪಡೆದ. ಆಮೇಲೆ ಅವನು ಹೋದದ್ದು ಗಣಿತಕ್ಕೆ. ಊರಿನ ಸೊಳ್ಳೆಯನ್ನೆಲ್ಲ ಕೊಲ್ಲಬೇಕಿಲ್ಲ, ಒಂದು ಮಿತಿಗಿಂತ ಕೆಳಗಿಳಿಸಿದರೆ ಸಾಕು, ಮಲೇರಿಯಾ ತಾನೇ ನಂದಿಹೋಗುತ್ತದೆ ಎಂದು ಸಮೀಕರಣ ಬರೆದು ತೋರಿಸಿದ. ಆ ಮಿತಿಯೇ ನಮ್ಮ ‘ಒಂದು’!

1901ರಲ್ಲಿ ರಾಸ್ ಜತೆ ಸಿಯೆರಾ ಲಿಯೋನ್‌ಗೆ ಹೋಗಿದ್ದ ಕಿರಿಯ ವೈದ್ಯನೊಬ್ಬನಿದ್ದ, ಆಂಡರ್ಸನ್ ಮೆಕೆಂಡ್ರಿಕ್. ಗಣಿತ ಕಲಿಯಯ್ಯಾ ಎಂದು ರಾಸ್ ಅವನ ತಲೆಗೆ ಹುಳ ಬಿಟ್ಟ. ಮೆಕೆಂಡ್ರಿಕ್ ಭಾರತದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಕಸೌಲಿಯ ಪಾಶ್ಚರ್ ಸಂಸ್ಥೆಯನ್ನು ನಡೆಸಿ, ಎಡಿನ್‌ಬರೋಗೆ ಮರಳಿದ. ಅಲ್ಲಿಯ ಪ್ರಯೋಗಾಲಯದಲ್ಲಿ ವಿಲಿಯಂ ಕೆರ್ಮ್ಯಾಕ್ ಎಂಬ ರಸಾಯನಶಾಸ್ತ್ರಜ್ಞ. 1924ರಲ್ಲಿ ಪ್ರಯೋಗದ ನಡುವೆ ಸ್ಫೋಟವಾಗಿ, ಇಪ್ಪತ್ತಾರನೇ ವಯಸ್ಸಿಗೆ ಅವನ ಎರಡೂ ಕಣ್ಣು ಹೋದವು. ಆ ಅಂಧ ರಸಾಯನಶಾಸ್ತ್ರಜ್ಞನೂ ಭಾರತ ಸುತ್ತಿ ಬಂದ ವೈದ್ಯನೂ ಸೇರಿ 1927ರಲ್ಲಿ ಒಂದು ಪ್ರಬಂಧ ಬರೆದರು. ಜನರನ್ನು ಮೂರು ಪಾಲು ಮಾಡಿ: ಇನ್ನೂ ತಗಲದವರು, ತಗಲಿಸಿಕೊಂಡವರು, ಪಾರಾದವರು ಅಥವಾ ತೀರಿಕೊಂಡವರು. ಒಂದು ಪಾಲಿನಿಂದ ಇನ್ನೊಂದಕ್ಕೆ ಜನ ಹರಿಯುವ ವೇಗ ಬರೆಯಿರಿ. ಮುಗಿಯಿತು! 2020ರಲ್ಲಿ ಜಗತ್ತು ಟಿ.ವಿ. ಮುಂದೆ ಕೂತು ನೋಡಿದ ಏರಿಳಿತದ ಗೆರೆಗಳಲ್ಲಿ ಬಹುಪಾಲು ಈ ಮೂರು ಪಾಲಿನ ಮಕ್ಕಳು, ಮೊಮ್ಮಕ್ಕಳು.

ತಮ್ಮ ಸಮೀಕರಣ ಸರಿಯೇ ಎಂದು ನೋಡಲು ಅವರು ಎತ್ತಿಕೊಂಡ ಉದಾಹರಣೆ ಯಾವುದು ಗೊತ್ತೇ? 1905-06ರ ಮುಂಬಯಿ ಪ್ಲೇಗಿನ ವಾರವಾರದ ಸಾವಿನ ಲೆಕ್ಕ. ಗೆರೆ ಮೇಲೇರಿ, ಬಾಗಿ, ಇಳಿದು, ಚುಕ್ಕಿಗಳ ಮೇಲೆ ಕೂತುಬಿಟ್ಟಿತು!

ನಮ್ಮ ಹಳೇ ಮೈಸೂರಿಗೂ ಆ ಪ್ಲೇಗು ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟದ್ದು ಹಳ್ಳಿಹಳ್ಳಿಗೆ ಹರಡಿತು. ಇಲಿ ಬಿತ್ತು ಎಂದರೆ ಸಾಕು, ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಪ್ಲೇಗಮ್ಮನಿಗೆ ಗುಡಿಗಳೂ ಎದ್ದವು. ಹೊಲದ ಗುಡಿಸಲಲ್ಲಿ ಕೂತು ಆ ಹಿರಿಯರು ಕೇಳಿಕೊಂಡಿದ್ದ ಪ್ರಶ್ನೆಯೂ ನಮ್ಮದೇ: ಊರಿಗೆ ವಾಪಸ್ ಹೋಗುವುದು ಯಾವಾಗ?

ಮುಂಬಯಿಯಿಂದ ಚನ್ನರಾಯಪಟ್ಟಣಕ್ಕೆ

ಮುಂಬಯಿಯ ಎಳೆ ಅಲ್ಲಿಗೇ ತುಂಡಾಗಲಿಲ್ಲ. 2020ರ ಏಪ್ರಿಲ್ ಕೊನೆಗೆ ಕೇಂದ್ರದ ಪಟ್ಟಿಯಲ್ಲಿ ಹಾಸನ ಹಸಿರು ವಲಯ, ಒಂದೂ ಪ್ರಕರಣವಿಲ್ಲ. ಮೇ 12ರಂದು ಜಿಲ್ಲೆಯ ಮೊದಲ ಐದು ಪ್ರಕರಣಗಳು ಹೊರಬಿದ್ದವು. ಐವರೂ ಮುಂಬಯಿಯಿಂದ ಚನ್ನರಾಯಪಟ್ಟಣ ತಾಲ್ಲೂಕಿಗೆ ಮರಳಿದವರು. ದುಡಿಮೆಗೆಂದು ಅಷ್ಟು ದೂರ ಹೋಗಿ, ಕೆಲಸ ನಿಂತಾಗ ತವರಿನ ದಾರಿ ಹಿಡಿದ ನಮ್ಮ ಜನ. ತಪ್ಪು ಅವರದ್ದಲ್ಲ. ಗಣಿತದ ಕಣ್ಣಿಗೆ ಕಂಡದ್ದು ಇಷ್ಟು: ಹಿರೀಸಾವೆಯ ನಿಜವಾದ ನೆರೆಯೂರು ಯಾವುದು ಎಂಬುದನ್ನು ಭೂಪಟ ಹೇಳುವುದಿಲ್ಲ, ಬಸ್ಸು ರೈಲು ಹೇಳುತ್ತವೆ. ನೂರಾರು ಕಿಲೋಮೀಟರ್ ಆಚೆಯ ಮಹಾನಗರ, ರೋಗದ ಲೆಕ್ಕದಲ್ಲಿ ಪಕ್ಕದ ಹಳ್ಳಿಗಿಂತ ಹತ್ತಿರ ಇರಬಹುದು!

ಕಂಪ್ಯೂಟರಿನೊಳಗೊಂದು ಬೆಂಗಳೂರು

ಈ ಓಡಾಟವನ್ನೇ ಲೆಕ್ಕಕ್ಕೆ ಹಿಡಿಯಲು ಹೊರಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು. ಮೊದಲ ಲಾಕ್‌ಡೌನಿನ ಆ ಏಪ್ರಿಲ್‌ನಲ್ಲಿ ಅವರು ಕಟ್ಟಿದ್ದು ಒಂದು ಇಡೀ ನಗರ. ಕಂಪ್ಯೂಟರಿನೊಳಗೆ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಕಾಲ್ಪನಿಕ ಬೆಂಗಳೂರಿಗರು! ಒಬ್ಬೊಬ್ಬರಿಗೂ ವಯಸ್ಸು, ಮನೆ, ವಾರ್ಡು, ಶಾಲೆ ಅಥವಾ ಕಚೇರಿ, ಅಲ್ಲಿಗೆ ಹೋಗಿ ಬರುವ ದೂರ. ಜನಗಣತಿಯ ಲೆಕ್ಕಕ್ಕೆ ಹೊಂದುವಂತೆ ಕುಟುಂಬದ ಗಾತ್ರ. ಆಮೇಲೆ ಕೆಲವರಿಗೆ ಸೋಂಕು ಬಿಟ್ಟು, ದಿನದಿನವೂ ನಗರವನ್ನು ಓಡಿಸಿ ನೋಡುವುದು.

ಇದನ್ನು ಮಾಡಿದವರು ಯಾರು ನೋಡಿ! ವಿಜ್ಞಾನ ಸಂಸ್ಥೆಯ ರಾಜೇಶ್ ಸುಂದರೇಶನ್ ವಿದ್ಯುತ್ ಸಂವಹನದ ಪ್ರಾಧ್ಯಾಪಕರು, ಸಂದೇಶಗಳು ಜಾಲದಲ್ಲಿ ಹೇಗೆ ಹರಿಯುತ್ತವೆ ಎಂದು ಲೆಕ್ಕ ಹಾಕುವವರು. ನರೇಂದ್ರ ದೀಕ್ಷಿತ್ ರಸಾಯನ ಎಂಜಿನಿಯರಿಂಗಿನವರು. ಆಗ ಮುಂಬಯಿಯ ಸಂಸ್ಥೆಯಲ್ಲಿದ್ದ ಸಂದೀಪ್ ಜುನೇಜಾ ಸಂಭವನೀಯತೆಯ ಲೆಕ್ಕಿಗರು. ಇತ್ತ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿ ಶಿವ ಅತ್ರೇಯ ಮತ್ತು ಸಂಗಡಿಗರು ಕರ್ನಾಟಕದ ಬುಲೆಟಿನ್‌ಗಳನ್ನು ಹರವಿಕೊಂಡು ಕೂತರು. ‘ಪಿ-ಇಂತಿಷ್ಟನೇ ರೋಗಿಯ ಸಂಪರ್ಕ’ ಎಂದು ಸರ್ಕಾರ ದಿನವೂ ಅಚ್ಚುಹಾಕುತ್ತಿದ್ದ ಆ ಒಣ ಸಾಲುಗಳಿಂದ ಯಾರಿಂದ ಯಾರಿಗೆ ತಗಲಿತು ಎಂಬ ವಂಶವೃಕ್ಷ ಬೆಳೆಸಿ, ನಮ್ಮ ರಾಜ್ಯದ ಆರ್ ಎಷ್ಟು ಎಂದು ಅಳೆದರು.

ನಕಲಿ ಬೆಂಗಳೂರಿನಲ್ಲಿ ತೂಬು ಎತ್ತಿ ಇಳಿಸಲು ಅಡ್ಡಿಯಿಲ್ಲ. ಶಾಲೆ ಮುಚ್ಚಿ ಕಚೇರಿ ಅರ್ಧ ತೆರೆದರೆ? ಹಿರಿಯರು ಮಾತ್ರ ಮನೆಯಲ್ಲಿದ್ದರೆ? ಸೋಂಕಿತರ ಇಡೀ ಮನೆಯನ್ನು ಕ್ವಾರಂಟೈನ್ ಮಾಡಿದರೆ? ಮುಂಬಯಿಯಲ್ಲಿ ಲೋಕಲ್ ರೈಲು ಬಿಟ್ಟರೆ? ಜನ ಮಾತು ಕೇಳದಿದ್ದರೆ? ನಿಜದ ನಗರದಲ್ಲಿ ಈ ಒಂದೊಂದು ಪ್ರಶ್ನೆಗೂ ಪ್ರಾಣದ ಬೆಲೆ. ಕಂಪ್ಯೂಟರಿನಲ್ಲಿ ಮತ್ತೆ ಮೊದಲಿನಿಂದ ಓಡಿಸಿದರಾಯಿತು!

ಬೇರೆ ದೇಶಗಳಲ್ಲೂ ಇದೇ ತಪಸ್ಸು. ಇಸ್ರೇಲಿನ ಉರಿ ಅಲೋನ್ ಮತ್ತು ಸಂಗಡಿಗರ ಸಲಹೆಯಂತೂ ಚದುರಂಗದ ನಡೆಯಂತಿತ್ತು: ನಾಲ್ಕು ದಿನ ಕೆಲಸ, ಹತ್ತು ದಿನ ಮನೆ. ಕೆಲಸದ ದಿನ ತಗಲಿದ ಸೋಂಕು ಇನ್ನೊಬ್ಬರಿಗೆ ಹರಡುವಷ್ಟು ಬಲಿಯಲು ಸುಮಾರು ಮೂರು ದಿನ ಬೇಕು. ಅಷ್ಟರಲ್ಲಿ ಆಳು ಮನೆ ಸೇರಿರುತ್ತಾನೆ, ವೈರಸ್ಸಿಗೆ ಬೇಟೆ ಸಿಗದು! ಇಂಗ್ಲೆಂಡ್ ನಾಲ್ಕು ಮೆಟ್ಟಿಲು ಮಾಡಿಕೊಂಡು, ಮೆಟ್ಟಿಲಿಗೊಮ್ಮೆ ಐದು ವಾರ ನಿಲ್ಲಲು ತೀರ್ಮಾನಿಸಿತು. ಥೇಟ್ ನಮ್ಮ ನೀರುಗಂಟಿಯ ಹಾಗೆ. ಕೊನೆಯ ಮೆಟ್ಟಿಲು ಇಳಿಯಲು ಗೊತ್ತು ಮಾಡಿದ್ದ ದಿನ ಯಾವುದು? 2021ರ ಜೂನ್ 21! ಕೋವಿಡ್‌ನ ಡೆಲ್ಟಾ ರೂಪಾಂತರಿ ಹರಡುತ್ತಿದ್ದ ರೀತಿಯನ್ನು ಮಾದರಿಗಳಲ್ಲಿ ಕಂಡು ಅದನ್ನು ಜುಲೈ 19ಕ್ಕೆ ಮುಂದೂಡಿದರು. ಹಿರೀಸಾವೆಯ ಗಡಿಯಲ್ಲಿ ಎರಡು ಗಡಿಯಾರ ಓಡಿದ ದಿನವೇ ಲಂಡನ್ನಿನ ಗಡಿಯಾರವೂ ನಿಂತು ಕಾದಿತ್ತು.

ಬೆಳಗೊಳದ ದಾರಿಯಲ್ಲಿ

ಇಳಿತವನ್ನು ಅಳೆಯುವ ಹಳೆಯ ಕೋಲೊಂದು ಹಿರೀಸಾವೆಯ ನೆರೆಯಲ್ಲೇ ಇದೆ. ಅಲ್ಲಿಂದ ಶ್ರವಣಬೆಳಗೊಳಕ್ಕೆ ದಾರಿ ಹೊರಳುತ್ತದೆ. 981ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿ. ಅವರ ‘ತ್ರಿಲೋಕಸಾರ’ದಲ್ಲೂ, ಅದಕ್ಕೂ ಹಿಂದೆ ವೀರಸೇನಾಚಾರ್ಯರ ‘ಧವಲಾ’ ಟೀಕೆಯಲ್ಲೂ ಒಂದು ಪರಿಭಾಷೆ ಬರುತ್ತದೆ, ಅರ್ಧಚ್ಛೇದ. ಧವಲಾದ ತಾಳೆಗರಿಗಳು ನಮ್ಮ ಮೂಡುಬಿದಿರೆಯಲ್ಲೇ, ಹಳಗನ್ನಡ ಲಿಪಿಯಲ್ಲಿ ಉಳಿದು ಬಂದವು. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಿದರೆ ಒಂದಕ್ಕೆ ಇಳಿಯುತ್ತದೆ? 32 ಅಂದರೆ 16, 8, 4, 2, 1. ಐದು ಸಲ. 32ರ ಅರ್ಧಚ್ಛೇದ ಐದು. ಶಾಲೆಯಲ್ಲಿ ಲಾಗರಿದಮ್ ಎಂದು ಹೆದರಿಸಿದ್ದು ಇದನ್ನೇ!

ಆ ಮುನಿಗಳು ಅಳೆಯುತ್ತಿದ್ದದ್ದು ಲೋಕದ ವಿಸ್ತಾರವನ್ನು, ಸಾಂಕ್ರಾಮಿಕವನ್ನಲ್ಲ. ಎಲ್ಲವೂ ನಮ್ಮಲ್ಲೇ ಇತ್ತು ಎಂಬ ಜಂಬ ಬೇಡ. ಆದರೂ ಆ ಅಳತೆಯನ್ನು ಕೈಯಲ್ಲಿ ಹಿಡಿದು ಎರಡನೇ ಅಲೆಯನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ. ಮೇ 5ರ 50,112ನ್ನು ಅರ್ಧ ಮಾಡಿ, 25,056. ಮತ್ತೆ ಅರ್ಧ, 12,528. ಮತ್ತೆ, 6,264. ಜೂನ್ 20ರ ಹೊತ್ತಿಗೆ ದಿನದ ಪ್ರಕರಣ ಸುಮಾರು 4,500. ಅಂದರೆ 46 ದಿನಕ್ಕೆ ಮೂರೂವರೆ ಅರ್ಧಚ್ಛೇದ, ಹದಿಮೂರು ದಿನಕ್ಕೊಂದು! ತೆರೆಯುವವರು ಕಣ್ಣಿಟ್ಟಿರಬೇಕಾದದ್ದು ಈ ಲಯದ ಮೇಲೆ. ತೆರೆದ ಮೇಲೆ ಹದಿಮೂರು ದಿನ ಇಪ್ಪತ್ತಕ್ಕೆ ಹಿಗ್ಗಿದರೆ ತೂಬು ಸರಿಯಾಗಿದೆ ಅನ್ನಬಹುದು. ಅರ್ಧವಾಗುವುದು ನಿಂತು ದುಪ್ಪಟ್ಟಾಗಲು ಶುರುವಾದರೆ ಓಡಿಹೋಗಿ ಇಳಿಸಬೇಕು.

ಗೆರೆ ಎಡವಿದಾಗ

ಬೆರಗಿನ ನಡುವೆ ಒಂದು ಮಾತು ಮರೆಯಬಾರದು. ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಅವರ ಮುಂಬಯಿ ಗೆರೆ ಅಷ್ಟು ಚೆನ್ನಾಗಿ ಕೂತಿತಲ್ಲ, ಪ್ಲೇಗು ಇಲಿಯ ಮೈಮೇಲಿನ ಚಿಗಟದಿಂದ ಬರುವ ರೋಗ, ಅವರ ಸಮೀಕರಣದಲ್ಲಿ ಇಲಿಯೇ ಇರಲಿಲ್ಲ! ಗೆರೆ ಕೂತ ಮಾತ್ರಕ್ಕೆ ಲೆಕ್ಕ ನಿಜವಾಗದು. 2020ರ ಅಕ್ಟೋಬರಿನಲ್ಲಿ ಕೇಂದ್ರದ ತಜ್ಞರ ಸಮಿತಿಯೊಂದು, ಮುನ್ನೆಚ್ಚರಿಕೆ ಪಾಲಿಸಿದರೆ ಫೆಬ್ರುವರಿ ಹೊತ್ತಿಗೆ ಸಾಂಕ್ರಾಮಿಕ ಬಹುತೇಕ ಇಳಿಯುತ್ತದೆ ಎಂದು ಲೆಕ್ಕ ಹಾಕಿತ್ತು. ಬಂದದ್ದು ಎರಡನೇ ಅಲೆ. ಮಾದರಿಯೊಳಗೆ ಡೆಲ್ಟಾ ಎಂಬ ಇಲಿ ಇರಲಿಲ್ಲ.

ಕಣ್ಣಿಗೆ ಕಾಣುವ ಅಂಕಿಯಾದರೂ ಪೂರ್ತಿಯೇ? 2020ರ ಸೆಪ್ಟೆಂಬರಿನ ರಾಜ್ಯ ಸಮೀಕ್ಷೆ ರಕ್ತದಲ್ಲಿ ಪ್ರತಿಕಾಯವನ್ನೂ, ಜತೆಗೆ ಚಾಲ್ತಿಯ ಸೋಂಕನ್ನೂ ಹುಡುಕಿದಾಗ, ರಾಜ್ಯದ ಶೇಕಡಾ 27ರಷ್ಟು ಜನಕ್ಕೆ, ಅಂದರೆ 1.93 ಕೋಟಿ ಮಂದಿಗೆ, ಆಗಲೇ ಸೋಂಕು ತಗಲಿದೆ ಎಂಬ ಅಂದಾಜು ಬಂತು. ಬುಲೆಟಿನ್‌ನಲ್ಲಿ ಕಂಡ ಒಬ್ಬರ ಹಿಂದೆ ಕಾಣದ ಸುಮಾರು 40 ಮಂದಿ! ಪಾಸಿಟಿವಿಟಿ ಅಂಕಿಯೂ ಹಾಗೇ. ಯಾರನ್ನು ಪರೀಕ್ಷಿಸಿದಿರಿ ಎಂಬುದರ ಮೇಲೆ ಅದು ಏರುತ್ತದೆ, ಇಳಿಯುತ್ತದೆ. ಜ್ವರ ಬಂದವರನ್ನೇ ಹುಡುಕಿ ಪರೀಕ್ಷಿಸುವ ಪ್ರಾಮಾಣಿಕ ಜಿಲ್ಲೆಗೆ ಮಧ್ಯಾಹ್ನ 2ರ ಬೀಗ ಬಿದ್ದೀತು, ಗಟ್ಟಿಮುಟ್ಟಾದವರನ್ನು ಸಾಲಾಗಿ ನಿಲ್ಲಿಸಿದ ಜಿಲ್ಲೆಗೆ ಸಂಜೆ 5ರ ಬಹುಮಾನ ಸಿಕ್ಕೀತು. ಆದ್ದರಿಂದಲೇ ಒಳ್ಳೆಯ ಲೆಕ್ಕಿಗರು ಹೀಗೇ ಆಗುತ್ತದೆ ಎಂದು ಕಣಿ ಹೇಳುವುದಿಲ್ಲ. ಹೀಗೆ ಮಾಡಿದರೆ ಇಷ್ಟರಿಂದ ಇಷ್ಟರೊಳಗೆ ಆದೀತು ಎನ್ನುತ್ತಾರೆ. ವಿಜ್ಞಾನ ಸಂಸ್ಥೆಯವರು ತಮ್ಮ ನಗರದ ಕೋಡನ್ನೇ ಯಾರು ಬೇಕಾದರೂ ನೋಡಲಿ, ತಪ್ಪು ಹಿಡಿಯಲಿ ಎಂದು ತೆರೆದಿಟ್ಟರು.

2021ರ ಜುಲೈ 5ರಿಂದ ರಾಜ್ಯದ ಬಹುಭಾಗದ ಜತೆ ಹಾಸನದ ಅಂಗಡಿಗಳೂ ಸಂಜೆಯಾಚೆಗೂ ತೆರೆದವು. ಹಿರೀಸಾವೆಯ ಗಡಿಯ ಎರಡು ಗಡಿಯಾರ ಮತ್ತೆ ಒಂದಾದವು. ಎರಡು ವಾರ ಬಾಳಿದ ಆ ಮೂರು ಗಂಟೆಗೆ ಯಾರೂ ಕಲ್ಲು ನೆಟ್ಟಿಲ್ಲ, ಶಾಸನ ಬರೆಸಿಲ್ಲ. ಈಗ ಆ ದಾರಿಯಲ್ಲಿ ಹೋಗುವಾಗ ನನಗೆ ಫಲಕದ ಪಕ್ಕ ಏನೇನೋ ಕಾಣುತ್ತವೆ: ಮಗುಚಿದ ತೊಟ್ಟಿ, ತಡವರಿಸುತ್ತ ಸಮೀಕರಣ ಬರೆಸುವ ಕಣ್ಣಿಲ್ಲದವನು, ಹೊಲದ ಗುಡಿಸಲಿಂದ ಊರಿನ ಕಡೆ ನೋಡುತ್ತ ಕೂತ ಮುತ್ತಜ್ಜಿ. ಮಂಡ್ಯದ ಕಡೆಯಿಂದ ಬಂದ ಎಳನೀರಿನ ಗಾಡಿಯೊಂದು ಗಡಿ ದಾಟಿ, ನಿಲ್ಲದೆ, ಚನ್ನರಾಯಪಟ್ಟಣದ ಕಡೆ ಹೋಗಿಬಿಡುತ್ತದೆ. ಚಾಲಕ ಗಡಿಯಾರ ನೋಡಿಕೊಳ್ಳುವುದೂ ಇಲ್ಲ.